ಅಕ್ಕನ ಆಲಿಕೆಗೆ ಬಿದ್ದ ಮಳೆ

ನಮ್ಮ ಕಡೆ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ಇಂಚಿನ ನೂರನೇ ಒಂದು ಪಾಲಿಗೆ ಆ ಹೆಸರು. ಮಾರ್ಚಿನಲ್ಲಿ ಗುಡುಗು ನಿಂತಿತೋ ಇಲ್ಲವೋ ಫೋನ್ ಬರುತ್ತದೆ. ಹಲೋ ಅನ್ನುವ ಮೊದಲೇ ಎಷ್ಟು ಸೆಂಟಾಯ್ತು ಅಂತ ಕೇಳುತ್ತಾರೆ. ಅದು ಹೂಮಳೆ. ರೊಬಸ್ಟಾ ಕಾಫಿ ಗಿಡಕ್ಕೆ ಹೆಚ್ಚುಕಡಿಮೆ ಒಂದು ಇಂಚು ಸಿಕ್ಕಿದರೆ ಮೊಗ್ಗು ಅರಳುತ್ತದೆ. ಅರ್ಧಂಬರ್ಧ ಸಿಕ್ಕಿತೋ, ಎಚ್ಚರಾದ ಮೊಗ್ಗು ಅರಳಲಾರದೆ ಒಣಗುತ್ತದೆ, ವರ್ಷದ ಫಸಲು ಅಲ್ಲಿಗೇ ಮುಗಿಯಿತು.

ಬಣಕಲ್ ಹತ್ತಿರ ನನ್ನ ಅಕ್ಕನ ತೋಟ. ಈಚೆಗೊಂದು ಮಾರ್ಚಿನಲ್ಲಿ ನಾನು ಅಲ್ಲಿದ್ದಾಗ ಸಂಜೆ ಅರ್ಧ ಗಂಟೆ ಬಿರುಸು ಮಳೆಯಾಯಿತು. ಬೆಳಿಗ್ಗೆ ಅಕ್ಕ ಮಳೆಮಾಪಕದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು ಅಳೆದಳು. ಒಂದು ಇಂಚು ಅರವತ್ತು ಸೆಂಟು! ಪಕ್ಕದ ತೋಟದವರಿಗೆ ಬರೀ ನಲವತ್ತು ಸೆಂಟು. ನಿಮ್ಮ ಬೇಲಿ ನೋಡ್ಕೊಂಡೇ ಸುರಿಯುತ್ತಲ್ಲ ಮಾರಾಯ್ತಿ ಅಂತ ಅವರು ಫೋನಿನಲ್ಲಿ ಚುಚ್ಚಿದರಂತೆ. ಬೆಟ್ಟದ ಮಳೆಗೆ ಇದು ಹೊಸದೇನಲ್ಲ, ರಸ್ತೆಯ ಈ ಬದಿ ಹೊಯ್ದು ಆ ಬದಿ ಧೂಳೂ ಅಡಗದಿರುವುದುಂಟು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಸ್ಪ್ರಿಂಕ್ಲರ್ ಪೈಪು ಶೆಡ್ಡಿನಲ್ಲೇ ಇರಲಿ ಅಂದಳು ಅಕ್ಕ.

ಅಂಗಳದಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ ಹೊರಗೇ ಉಳಿದಿತ್ತು; ತಳದಿಂದ ಬಾಯಿವರೆಗೂ ಒಂದೇ ಅಗಲದ್ದು. ಅದರಲ್ಲಿ ನೀರು ತೀರಾ ತೆಳ್ಳಗಿತ್ತು. ಸುಮ್ಮನೆ ಸ್ಕೇಲು ಇಳಿಸಿದೆ. ಒಂದು ಸೆಂಟಿಮೀಟರ್. ಅಂದರೆ ನಲವತ್ತು ಸೆಂಟು.

"ಪಾತ್ರೆ ದೊಡ್ಡದಲ್ವ, ಹರಡ್ಕೊಂಡಿದೆ" ಅಂದಳು ಅಕ್ಕ.

ಬಾಯಿ ದೊಡ್ಡದಾದಷ್ಟೂ ತಳವೂ ದೊಡ್ಡದು, ಆಳ ಬದಲಾಗೋದಿಲ್ಲ ಅಂತ ಹೇಳಿ ಅವಳನ್ನು ಮಳೆಮಾಪಕದ ಹತ್ತಿರ ಕರೆದುಕೊಂಡು ಹೋದೆ. ಆಗ ಸಂಗತಿ ಹೊರಗೆ ಬಂತು. ಮಾಪಕದ ಹಳೇ ಆಲಿಕೆಯ ಮೇಲೆ ಜೀಪು ಹಿಂದಕ್ಕೆ ಬಂದು ಹತ್ತಿತ್ತಂತೆ. ಮಳೆ ಚೆನ್ನಾಗಿ ಹಿಡಿಯಲಿ ಅಂತ ಅಕ್ಕ ಮೂಡಿಗೆರೆಯಿಂದ ಅಗಲ ಬಾಯಿಯ ಆಲಿಕೆ ತಂದಿದ್ದಳು. ಆದರೆ ಲೋಟದ ಗೆರೆಗಳು ಹಳೇ ಆಲಿಕೆಯ ಲೆಕ್ಕದವು. ಹೊಸದರ ಬಾಯಿ ಸರಿಯಾಗಿ ಎರಡರಷ್ಟು ಅಗಲವಿತ್ತು.

"ಹಾಗಾದ್ರೆ ಅರ್ಧ ಮಾಡು. ಎಂಬತ್ತು ಸೆಂಟು. ಹೇಗೋ ಅರಳುತ್ತೆ ಬಿಡು." ಧ್ವನಿ ಮಾತ್ರ ಸಣ್ಣಗಾಗಿತ್ತು.

ನಾನು ಪೇಪರಿನ ಹಾಳೆ ತಂದು ಅಗಲಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿ ಅವಳ ಕೈಗಿಟ್ಟೆ. ಬಿಚ್ಚಿ ಮನೆ ಎಣಿಸು ಅಂದೆ. ನಾಲ್ಕು. ದುಂಡು ಬಾಯಿಗೂ ಇದೇ ನ್ಯಾಯ; ಅಗಲ ಎರಡರಷ್ಟಾದರೆ ಹಿಡಿಯುವ ನೀರು ನಾಲ್ಕರಷ್ಟು. ಅಂದರೆ ನಮಗೂ ಬಿದ್ದದ್ದು ನಲವತ್ತೇ ಸೆಂಟು. ಅಕ್ಕ ಶೆಡ್ಡಿನ ಬೀಗದ ಕೈ ತೆಗೆದುಕೊಂಡಳು.

ಪೈಪು ಜೋಡಿಸಿ ಮೋಟಾರು ಹಾಕಿದ ಮೇಲೆ ಕೆರೆ ಏರಿಯ ಮೇಲೆ ಕೂತು, ಕಮ್ಮಿ ಬಿದ್ದ ಅರವತ್ತು ಸೆಂಟಿಗೆ ಎಕರೆಗೆಷ್ಟು ನೀರು ಬೇಕು ಅಂತ ಗುಣಿಸಿದೆ. ಅರವತ್ತು ಸಾವಿರ ಲೀಟರಿಗೂ ಮೇಲೆ! ನಂಬಿಕೆ ಬರದೆ ಮತ್ತೆ ಗುಣಿಸಿದೆ. ಬೆರಳ ಗೆಣ್ಣಿನಷ್ಟು ಮಳೆ, ನಾವು ಬಾಯಿ ತುದಿಯಲ್ಲಿ ಒಂದು ಇಂಚು ಅಂದುಬಿಡುತ್ತೇವಲ್ಲ, ಅದು ಎಕರೆಗೆ ಲಕ್ಷ ಲೀಟರು, ನೂರು ಟನ್ನು. ಅಷ್ಟೂ ಹನಿಹನಿಯಾಗಿ, ಒಂದು ರೆಂಬೆಯನ್ನೂ ಮುರಿಯದೆ ಇಳಿಯುತ್ತದೆ. ನಮ್ಮ ಮೋಟಾರು ಕೆರೆಯನ್ನೆಲ್ಲ ಹೀರಿ ಕೆಸರು ಕಾರಿದಾಗಲೂ ತೋಟದ ಮೇಲಿನ ಓರೆ, ಆ ಇಳಿಜಾರು, ಒಣಗಿಯೇ ಉಳಿದಿತ್ತು.

ವಾರ ಕಳೆದು ನೋಡಿದರೆ ನೀರು ತಾಕಿದಲ್ಲೆಲ್ಲ ಕೊಂಬೆ ಕಾಣದಷ್ಟು ಹೂ. ಮೇಲಿನ ಓರೆಯಲ್ಲಿ ಮೊಗ್ಗು ಕೆಂಪಗೆ ಸೆಟೆದು ನಿಂತಿತ್ತು. ಆ ಎರಡರ ನಡುವೆ ನಿಂತ ಅಕ್ಕ ಒಣ ಮೊಗ್ಗು ಮುಟ್ಟಿ ನೋಡಿದಳು. ಆಮೇಲೆ ಕುದುರೆಮುಖದ ಕಡೆ ಏಳುತ್ತಿದ್ದ ಮೋಡದತ್ತ ತಲೆ ಎತ್ತಿದಳು.

"ಅಷ್ಟು ಭಾರ ಹೊತ್ಕೊಂಡು ಅದು ಹೇಗೆ ತೇಲುತ್ತೋ" ಅಂದಳು.