ಇಸ್ತ್ರಿಗೆ ಬದಲು ವಿಮಾನ

ನಮ್ಮ ಭಾವನನ್ನು ದಾರಿಯಲ್ಲಿ ಕಂಡವರು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಕುಳ್ಳು ಮೈ, ಗ್ರೀಸು ಕೂತು ಕಪ್ಪಾದ ಉಗುರು, ಮಾತಾಡಿದರೆ ಮುತ್ತು ಉದುರುತ್ತದೇನೋ ಎಂಬಂತೆ ಬಿಗಿಹಿಡಿದ ಬಾಯಿ. ಅಂಗಿ ಮಾತ್ರ ಯಾವಾಗ ನೋಡಿದರೂ ಮದುವೆ ಗಂಡಿನ ಅಂಗಿ. ಕಾಲರು ನೆಟ್ಟಗೆ, ತೋಳಿನ ಮೇಲಿನ ಗೆರೆ ಮುಟ್ಟಿದರೆ ಕೈ ಕೊಯ್ದೀತು ಅನ್ನುವಷ್ಟು ಚೂಪು. ಆ ಅಂಗಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಅವರ ಕೆಲಸ ಬಂದರಿನ ಕ್ರೇನುಗಳನ್ನು ರಿಪೇರಿ ಮಾಡುವುದು. ಹಡಗಿನಿಂದ ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನೆತ್ತಿ ದಡಕ್ಕಿಡುವ ಕ್ರೇನುಗಳು. ಒಂದು ಸಲ ನೋಡೋಣವೆಂದು ನಾನೂ ಜೊತೆಗೆ ಹೋದೆ. ನಾನು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವವನು. ನನ್ನ ಬದುಕಿನಲ್ಲಿ ಏಣಿ ಅಂದರೆ ಮೇಲಿನ ಕಪಾಟಿಗೆ ಕೈ ಎಟುಕಿಸುವ ಏಣಿ. ಕ್ರೇನನ್ನು ಅರ್ಧದವರೆಗೆ ಹತ್ತಿ ಕೆಳಗೆ ನೋಡಿದೆ ನೋಡಿ, ಕಂಬಿ ತಬ್ಬಿಕೊಂಡು ಅಲ್ಲೇ ಕೂತೆ. ಭಾವ ನನ್ನನ್ನು ದಾಟಿಕೊಂಡು ತುದಿಗೆ ಹೋದರು, ನೀರಿನ ಮೇಲೆ ಚಾಚಿದ್ದ ಉದ್ದನೆಯ ಕಬ್ಬಿಣದ ತೋಳಿನ ಮೇಲೆ ನಡೆದರು, ಗಾಳಿಯಲ್ಲಿ ಒಂದು ಚುಕ್ಕಿಯಾದರು. ಆ ಚುಕ್ಕಿ ಅಲ್ಲಿ ಕೂತು ಏನೋ ಕುಟ್ಟಿತು, ಏನೋ ತಿರುಗಿಸಿತು. ಇಡೀ ಬಂದರು ಕತ್ತೆತ್ತಿ ಕಾಯುತ್ತಿತ್ತು. ಆಮೇಲೆ ಆ ದೈತ್ಯ ಒಂದು ಸಲ ಮೈಮುರಿದು ಎದ್ದಿತು. ನನಗೆ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಭಾವ ಇಳಿಯುತ್ತಾ ನನ್ನ ಹತ್ತಿರ ನಿಂತು, "ಏನಪ್ಪಾ, ನೀನಾಗೇ ಇಳೀತೀಯಾ, ಇಲ್ಲ ಕೊಕ್ಕೆಗೆ ಹಾಕಿ ಇಳಿಸಬೇಕಾ?" ಅಂದರು.

ಈ ಮನುಷ್ಯನಿಗೆ ಒಂದು ಚಾಳಿ. ಯಾರಿಂದಲೂ ಪುಕ್ಕಟೆ ತೆಗೆದುಕೊಳ್ಳುವುದಿಲ್ಲ, ಯಾರಿಗೂ ಪುಕ್ಕಟೆ ಕೊಡುವುದೂ ಇಲ್ಲ. ಪಕ್ಕದ ಮನೆಯ ಅಜ್ಜಿಯ ನಲ್ಲಿ ಸರಿಮಾಡಿದರೆ, ಕಿತ್ತುಹೋದ ಗುಂಡಿ ಹಾಕಿಕೊಡಿ ಎಂದು ಅಂಗಿ ಮುಂದಿಡುತ್ತಾರೆ. "ಯಾಕೆ, ಮನೇಲಿ ಗುಂಡಿ ಹಾಕೋರು ಯಾರೂ ಇಲ್ವಾ?" ಎಂದು ನಮ್ಮಕ್ಕ ಸಿಡುಕಿದರೆ, "ಅಜ್ಜಿ ಸುಮ್ನೆ ಮಾಡಿಸ್ಕೊಂಡ್ರೆ ನಾಳೆ ಮತ್ತೆ ಕರೆಯೋಕೆ ಸಂಕೋಚ ಪಡ್ತಾರೆ" ಅನ್ನುತ್ತಾರೆ. ಇದು ಜಿಪುಣತನದ ಇನ್ನೊಂದು ಹೆಸರು ಎಂದು ನಾನು ಬಹಳ ಕಾಲ ಆಡಿಕೊಂಡು ನಗುತ್ತಿದ್ದೆ.

ಕ್ರೇನು ಕೆಟ್ಟಲ್ಲಿಗೆಲ್ಲ ಕಂಪನಿ ಭಾವನನ್ನು ವಿಮಾನದಲ್ಲಿ ಕಳಿಸುತ್ತದೆ. ಹಾರಿದಾಗಲೆಲ್ಲ ವಿಮಾನದವರು ಹಾರಿದವರ ಖಾತೆಗೆ ಇಷ್ಟು ಮೈಲಿ ಎಂದು ಸೇರಿಸುತ್ತಾರೆ. ಮೈಲಿ ಸಾಕಷ್ಟಾದರೆ ಬೇಕಾದವರ ಹೆಸರಿಗೆ ಒಂದು ಟಿಕೆಟ್ಟು. ಭಾವನ ಖಾತೆಯಲ್ಲಿ ಮೈಲಿ ತುಂಬಿ ತುಳುಕುತ್ತಿತ್ತು. ಅವರಿಗೋ ಕೆಲಸ ಬಿಟ್ಟರೆ ಎಲ್ಲಿಗೂ ಹೋಗುವ ಆಸೆಯಿಲ್ಲ, ನಮ್ಮಕ್ಕನಿಗೆ ಬಸ್ಸು ಹತ್ತಿದರೇ ತಲೆಸುತ್ತು. ಹಾಗಾಗಿ ಮೈಲಿಗಳು ಬೀದಿಗಿಳಿದವು. ಬಡಗಿ ಮನೆಗೊಂದು ಬಾಗಿಲು ಮಾಡಿಕೊಟ್ಟು, ದೂರದ ಊರಿನಲ್ಲಿ ಓದುವ ಮಗಳನ್ನು ನೋಡಿಬಂದ. ಹಿಂದಿನ ಬೀದಿಯ ಟೀಚರ್ ಭಾವನ ಮಗನಿಗೆ ಲೆಕ್ಕ ಹೇಳಿಕೊಟ್ಟು, ಹಿಮ ಹೇಗಿರುತ್ತದೆಂದು ಮುಟ್ಟಿ ನೋಡಿ ಬಂದರು. ಬಂದವರ ಬಾಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಬಡಗಿ ನನ್ನ ಅಂಗಡಿಗೆ ಬಂದು ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. "ಕೆಳಗೆ ಮಳೆ ಸುರೀತಿದೆ ಸಾರ್, ಮೋಡ ದಾಟಿದ್ರೆ ಮೇಲೆಲ್ಲ ಬಿಸಿಲು! ಇಷ್ಟು ವರ್ಷ ನಾವು ತಳದಲ್ಲಿ ಕೂತ್ಕೊಂಡು ಬಿಸಿಲೇ ಇಲ್ಲ ಅಂತ ಬೈತಿದ್ವಲ್ಲ!" ನಾನು ಸೀರೆ ಮಡಚುವುದನ್ನು ಬಿಟ್ಟು ಬಾಯಿ ತೆರೆದುಕೊಂಡು ಕೇಳಿದೆ.

ಇನ್ನು ಅಂಗಿಯ ವಿಚಾರ. ನಮ್ಮ ಬೀದಿಯ ಮೂಲೆಯಲ್ಲಿ ತಗಡಿನ ಮಾಡಿನ ಕೆಳಗೆ ಒಬ್ಬ ಹೆಂಗಸು ಬಟ್ಟೆ ಇಸ್ತ್ರಿ ಮಾಡುತ್ತಾರೆ. ಕೆಂಡ ತುಂಬುವ ಹಳೇ ಪೆಟ್ಟಿಗೆ, ಎತ್ತಿದರೆ ನನ್ನ ತೋಳು ಜಗ್ಗುತ್ತದೆ. ಎಲ್ಲರಿಗೂ ಅವರು ಇಸ್ತ್ರಿ ಅಕ್ಕ. ಎಂಟು ವರ್ಷದಿಂದ ಭಾವನ ಅಂಗಿಗಳೆಲ್ಲ ಅವರ ಕೈಯಲ್ಲೇ. "ಗ್ರೀಸಿನಲ್ಲಿ ಹೊರಳಾಡೋರಿಗೆ ಇಸ್ತ್ರಿ ಯಾಕೆ ಭಾವ?" ಎಂದು ಕೇಳಿದ್ದಕ್ಕೆ, "ಹತ್ತೋವಾಗಲಾದ್ರೂ ಮನುಷ್ಯನ ಹಾಗೆ ಹತ್ತಬೇಡ್ವೇನೋ?" ಅಂದಿದ್ದರು. ಇಸ್ತ್ರಿಗೆ ಅಕ್ಕ ದುಡ್ಡು ಮುಟ್ಟುತ್ತಿರಲಿಲ್ಲ. ಅವರ ಒಬ್ಬಳೇ ತಂಗಿ ಮದುವೆಯಾಗಿ ಸಮುದ್ರದಾಚೆಗೆ ಹೋದವಳು, ಮತ್ತೆ ಬಂದಿರಲಿಲ್ಲ. ಅಲ್ಲಿಗೆ ಹೋಗಿಬರುವ ಟಿಕೆಟ್ಟೇ ಅವರ ಕೂಲಿ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಅಷ್ಟು ದೂರಕ್ಕೆ ಬೇಕಾದ ಮೈಲಿ ಒಂದೆರಡಲ್ಲ, ಬಡಗಿಯಂಥವರ ಟಿಕೆಟ್ಟಿನ ಹತ್ತು ಪಟ್ಟು. ನನಗೇನು ಅವಸರವಿಲ್ಲ, ಮೊದಲು ಬೇರೆಯವರು ಹೋಗಿಬರಲಿ, ಮೈಲಿ ಸೇರಲಿ, ಸೇರಲಿ ಎಂದು ಅಕ್ಕ ಕಾಯುತ್ತಲೇ ಇದ್ದರು.

ಅಷ್ಟರಲ್ಲಿ ಆ ತಂಗಿಗೆ ತಲೆಯೊಳಗೆ ಗಡ್ಡೆ ಎಂದು ಗೊತ್ತಾಯಿತು. ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಏಳುತ್ತಾಳೋ ಇಲ್ಲವೋ ಡಾಕ್ಟರೂ ಬಾಯಿಬಿಟ್ಟು ಹೇಳಲಿಲ್ಲ. "ಒಳಗೆ ಹೋಗೋ ಮುಂಚೆ ನಿನ್ನ ಮುಖ ನೋಡ್ಬೇಕು ಕಣೇ ಅಕ್ಕಾ" ಎಂದು ಆಕೆ ಫೋನಿನಲ್ಲಿ ಅತ್ತಳಂತೆ. ಭಾವ ಇದ್ದ ಮೈಲಿಯನ್ನೆಲ್ಲ ಬಳಿದು ಟಿಕೆಟ್ಟು ಮಾಡಿಸಿದರು. ವೀಸಾ ಬಂತು. ಅಕ್ಕ ಹೊಸ ಚೀಲ ಕೊಂಡರು.

ಆಗ ಎಡವಟ್ಟು ಮಾಡಿದ್ದು ನಮ್ಮ ಕಟಿಂಗ್ ಅಂಗಡಿಯವನು. ಪಾಪ, ಕೆಟ್ಟ ಬುದ್ಧಿಯಿಂದಲ್ಲ, ಖುಷಿ ತಡೆಯಲಾಗದೆ. ಅವನೂ ಭಾವ ಮೊದಲೇ ತೆಗೆದುಕೊಟ್ಟಿದ್ದ ಟಿಕೆಟ್ಟಿನಲ್ಲಿ ಆಗಷ್ಟೇ ಹೋಗಿಬಂದವನು. ವಿಮಾನ ಇಳಿದು ಬರುವಾಗ ವಿಮಾನ ಕಂಪನಿಯ ಹುಡುಗಿಯೊಬ್ಬಳು, ಪ್ರಯಾಣ ಹೇಗಿತ್ತು ಸಾರ್ ಎಂದು ಎಲ್ಲರನ್ನೂ ಕೇಳುತ್ತಾ ನಿಂತಿದ್ದಳು. ಇವನನ್ನು ಬದುಕಿನಲ್ಲಿ ಯಾರೂ ಅಷ್ಟು ಮರ್ಯಾದೆಯಿಂದ ಏನನ್ನೂ ಕೇಳಿರಲಿಲ್ಲ. ಎದೆ ಉಬ್ಬಿಸಿ ನಿಂತುಕೊಂಡು, ಭಾವನ ತಲೆ, ಮಗನ ತಲೆ, ಕೊನೆಗೆ ನನ್ನ ಗಡ್ಡವನ್ನೂ ಸೇರಿಸಿ, ಯಾವ ಯಾವ ತಲೆ ಬೋಳಿಸಿ ಆ ಟಿಕೆಟ್ಟು ಸಂಪಾದಿಸಿದೆ ಎಂಬುದನ್ನು ಸವಿಸ್ತಾರವಾಗಿ ವಿವರಿಸಿದ. "ನಿಮಗೂ ಬೇಕಿದ್ರೆ ಹೇಳಿ ಮೇಡಂ, ನಮ್ಮ ಅಣ್ಣ ಎಲ್ಲರಿಗೂ ಮಾಡಿಕೊಡ್ತಾರೆ" ಎಂದು ಭಾವನ ಹೆಸರನ್ನೂ ಹೇಳಿ ಬಂದ.

ವಾರದೊಳಗೆ ಭಾವನ ಫೋನಿಗೆ ಸಂದೇಶ ಬಂತು. ಮೈಲಿಗಳನ್ನು ಮಾರುವುದು, ವಿನಿಮಯ ಮಾಡಿಕೊಳ್ಳುವುದು ನಿಯಮಕ್ಕೆ ವಿರುದ್ಧ. ನಿಮ್ಮ ಖಾತೆ ಮುಚ್ಚಲಾಗಿದೆ. ಅದರಿಂದ ತೆಗೆದ ಟಿಕೆಟ್ಟುಗಳು ರದ್ದು. ಭಾವ ಓದಿ ಫೋನನ್ನು ನನ್ನ ಕೈಗೆ ಕೊಟ್ಟರು.

ಮಾರನೇ ದಿನವೇ ವಿಮಾನ ಕಂಪನಿಯ ಆಫೀಸಿಗೆ ಹೋದೆವು. ಬಾಯಿ ಇರುವವನು ನಾನಾದ್ದರಿಂದ ಭಾವ ನನ್ನನ್ನು ಕರೆದುಕೊಂಡರು. ಕಣ್ಣೀರು ಕಂಡರೆ ಕರಗಿಯಾರು ಎಂದು ನಾನು ಇಸ್ತ್ರಿ ಅಕ್ಕನನ್ನು ಕರೆದುಕೊಂಡೆ. ಎಲ್ಲ ಗಾಜು, ಎಲ್ಲ ತಂಪು. ಅಕ್ಕ ಸೋಫಾದ ಅಂಚಿನಲ್ಲಿ, ಅದಕ್ಕೆ ಭಾರ ಬೀಳಬಾರದು ಎಂಬಂತೆ ಕೂತರು. ಮೇಜಿನಾಚೆಯ ಮೇಡಂ ಒಳ್ಳೆಯವರೇ. ನನ್ನ ಭಾಷಣ ಪೂರ್ತಿ ಕೇಳಿಸಿಕೊಂಡರು.

"ನೋಡಿ, ನೀವು ದಂಧೆಯವರಲ್ಲ ಅಂತ ನನಗೂ ಗೊತ್ತಾಗುತ್ತೆ" ಎಂದರು. "ಮೈಲೀನ ಉಡುಗೊರೆಯಾಗಿ ಕೊಟ್ರೆ ನಮ್ಮದೇನೂ ಅಡ್ಡಿಯಿಲ್ಲ. ಏನಾದ್ರೂ ತಗೊಂಡು ಅದರ ಬದಲಿಗೆ ಕೊಡೋ ಹಾಗಿಲ್ಲ, ಅಷ್ಟೇ. ಇವರಿಗೆ ಪ್ರೀತಿಯಿಂದ ಸುಮ್ನೆ ಕೊಟ್ಟೆ, ಅವರಿಂದ ಏನೂ ತಗೊಂಡಿಲ್ಲ ಅಂತ ಒಂದು ಮಾತು ಹೇಳಿ. ಈಗಲೇ ಖಾತೆ ತೆಗೀತೀನಿ. ಟಿಕೆಟ್ಟೂ ವಾಪಸ್ ಬರುತ್ತೆ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತೆಂದು ನಾನು ನಿಟ್ಟುಸಿರು ಬಿಟ್ಟೆ. ಭಾವ ತಮ್ಮ ಅಂಗಿಯ ತೋಳನ್ನೇ ನೋಡುತ್ತಾ ಕೂತಿದ್ದರು. ಮೇಜಿನ ಕೆಳಗೆ ಅವರ ತೊಡೆ ಚಿವುಟಿದೆ. ಆಗ ಅವರು ಅಕ್ಕನ ಕಡೆ ತಿರುಗಿದರು.

"ತಂಗೀನ ನೋಡ್ಬೇಕಾಗಿರೋರು ನೀವು. ಕೆಲಸ ಮಾಡಿದೋರೂ ನೀವು. ಸುಮ್ನೆ ಕೊಟ್ಟೆ ಅಂತ ಹೇಳು ಅಂದ್ರೆ ಹೇಳ್ತೀನಿ ಅಕ್ಕ. ನೀವು ಹೇಗೆ ಹೇಳಿದ್ರೆ ಹಾಗೆ."

ಅವರು ಅದನ್ನು ಹೇಳಲು ಒಪ್ಪಿದರು ಎಂಬುದೇ ನನಗೆ ಆಶ್ಚರ್ಯ. ಅಕ್ಕ ಎದ್ದು ನಿಂತರು. "ಮೇಡಂ, ನೀವು ಏನು ಹೇಳು ಅಂದ್ರೂ ಹೇಳಿಬಿಡೋಣ ಅಂತಾನೇ ಬಂದೆ" ಎಂದರು. ಆಮೇಲೆ ಭಾವನ ಹತ್ತಿರ ಬಂದು ಅವರ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದರು. "ಆದ್ರೆ ಇದು ನಾನು ಮಾಡಿದ್ದಲ್ವಾ? ಎಂಟು ವರ್ಷ ಕೆಂಡದ ಮುಂದೆ ನಿಂತಿದ್ದೀನಿ. ಏನೂ ಕೊಟ್ಟಿಲ್ಲ ಅಂದ್ರೆ, ನಾನು ನಿಂತಿದ್ದು ಎಲ್ಲಿ ಹೋಯ್ತು? ತಂಗಿ ಹೊರಡೋವಾಗ ಹೇಳಿದ್ದೆ, ಒಂದಿನ ನನ್ನ ದುಡಿಮೆಯಿಂದ್ಲೇ ನಿನ್ನ ನೋಡೋಕೆ ಬರ್ತೀನಿ ಅಂತ. ಈಗ ಹೋಗಿ, ಯಾರೋ ಅಯ್ಯೋ ಪಾಪ ಅಂತ ಕಳಿಸಿದ್ರು ಅಂತ ಹೇಳ್ಲಾ? ನಾನು ಕೊಟ್ಟಿದ್ದೀನಿ ಮೇಡಂ. ಅವರು ತಗೊಂಡಿದ್ದಾರೆ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಿದ್ರೆ ನನ್ನ ಕೈಲಿ ಏನೂ ಇಲ್ಲ" ಎಂದರು, ಬಹಳ ಮೆಲ್ಲಗೆ. ಖಾತೆ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿಯಿತು.

ಹೊರಗೆ ಬಂದದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. "ಇಬ್ಬರಿಗೂ ತಲೆ ನೆಟ್ಟಗಿದೆಯಾ? ಒಂದು ಮಾತು! ಆ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?" ಎಂದು ನಡುಬೀದಿಯಲ್ಲಿ ಕೂಗಾಡಿದೆ. ಅಕ್ಕ ಫುಟ್‌ಪಾತಿನ ಮೇಲೆ ಕೂತು, ಆಗ ಅತ್ತರು. "ತಪ್ಪು ಮಾಡಿಬಿಟ್ನಾ ಅಣ್ಣ? ಅವಳು ಬಾಗಿಲು ನೋಡ್ತಿರ್ತಾಳೆ" ಅಂದರು. ಭಾವ ಅವರ ಪಕ್ಕದಲ್ಲೇ ಕೂತರು. "ನೀವು ನಿಮ್ಮ ಕೆಲಸ ಮಾಡಿದ್ದೀರಿ. ಟಿಕೆಟ್ಟು ಕೊಡ್ಬೇಕಾದವನು ನಾನು, ಇನ್ನೂ ಕೊಟ್ಟಿಲ್ಲ." ಇಷ್ಟು ಹೇಳಿ ಎದ್ದು ಪ್ಯಾಂಟು ಕೊಡವಿ ಹೊರಟೇಬಿಟ್ಟರು.

ಸಮುದ್ರದಾಚೆಯ ಟಿಕೆಟ್ಟಿನ ಬೆಲೆ ಕೇಳಿದರೆ ನಮ್ಮಂಥವರು ಕೂರಲು ಜಾಗ ಹುಡುಕಬೇಕು. ಆದರೆ ಭಾವನನ್ನೇ ಕಂಪನಿ ಆ ತಿಂಗಳ ಕೊನೆಗೆ ಸಮುದ್ರದಾಚೆಗೆ ಕಳಿಸುವುದಿತ್ತು, ಆ ತಂಗಿ ಇದ್ದ ಊರಿನ ಬಂದರಿಗೇ, ಕ್ರೇನಿನ ಕೆಲಸಕ್ಕೆ. ಅವರು ನೇರವಾಗಿ ಮ್ಯಾನೇಜರ ಮುಂದೆ ಹೋಗಿ ನಿಂತರಂತೆ. ನನ್ನ ಟಿಕೆಟ್ಟನ್ನು ಈ ಹೆಸರಿಗೆ, ಈ ದಿನಕ್ಕೆ ಮಾಡಿಸಿ. ಬದಲಿಗೆ ನನ್ನ ಈ ವರ್ಷದ ರಜೆಯೆಲ್ಲ ನಿಮ್ಮದು. ಮ್ಯಾನೇಜರು ನಕ್ಕರಂತೆ. "ಹಾಗಾದ್ರೆ ನೀನು ಹೇಗೆ ಹೋಗ್ತೀಯ, ಈಜ್ಕೊಂಡಾ?"

ಅದೂ ಆಗಲೇ ನಿಗದಿಯಾಗಿತ್ತು. ನಮ್ಮ ಬಂದರಿನಲ್ಲಿ ಒಂದು ಸರಕಿನ ಹಡಗು ನಿಂತಿತ್ತು, ಅದೇ ಊರಿಗೆ ಹೊರಡುವುದು. ಅದರ ಮೇಲಿನ ಕ್ರೇನು ಕೆಟ್ಟು ಕೂತಿತ್ತು. ದಾರಿಯುದ್ದಕ್ಕೂ ಅದನ್ನು ಬಿಚ್ಚಿ ಕಟ್ಟಿಕೊಡುವುದು, ಬದಲಿಗೆ ಮಲಗಲು ಒಂದು ಮಂಚ, ಹೊತ್ತುಹೊತ್ತಿಗೆ ಊಟ. ಹಡಗಿನ ಕ್ಯಾಪ್ಟನ್ನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇನ್ನೆಲ್ಲಿ ಸಿಗಬೇಕು!

ಟಿಕೆಟ್ಟು ಕೈಗಿಟ್ಟಾಗ ಅಕ್ಕ ಕೇಳಿದ್ದು, "ಇದಕ್ಕೆ ನಾನು ಏನು ಕೊಡ್ಬೇಕು?" ಎಂದು. "ಕೊಟ್ಟಾಗಿದೆ" ಅಂದರು ಭಾವ.

ಹಡಗು ಹೊರಡುವ ಬೆಳಿಗ್ಗೆ ನಾನು ಬಂದರಿಗೆ ಹೋಗಿದ್ದೆ. ಆ ಕಬ್ಬಿಣದ ಗೋಡೆಯ ಪಕ್ಕದಲ್ಲಿ ಏಣಿ ಹತ್ತುತ್ತಿದ್ದ ನಮ್ಮ ಕುಳ್ಳು ಭಾವನನ್ನು ನೋಡುತ್ತಾ ನಿಂತೆ. ಒಂದು ಇಸ್ತ್ರಿಗೆ ಬದಲಾಗಿ ಈ ಮನುಷ್ಯ ಸಮುದ್ರ ದಾಟುತ್ತಿದ್ದಾರೆ. ದಾನ ಮಾಡಿದ ಗತ್ತಿಲ್ಲ, ತ್ಯಾಗ ಮಾಡಿದ ಮುಖವಿಲ್ಲ. ಅಂಗಡಿಗೆ ಬಾಕಿ ತೀರಿಸಲು ಹೊರಟವರ ಹಾಗೆ ಹೋಗುತ್ತಿದ್ದಾರೆ. ಜಿಪುಣ ಎಂದು ನಕ್ಕಿದ್ದೆನಲ್ಲ, ಇದರ ಅಳತೆ ತೆಗೆಯುವ ಗಜಕಡ್ಡಿ ನನ್ನ ಅಂಗಡಿಯಲ್ಲಿಲ್ಲ.

ಕೆಲವು ದಿನಗಳ ನಂತರ ಅಕ್ಕ ಹಾರಿದರು, ಅದೇ ಕಂಪನಿಯ ವಿಮಾನದಲ್ಲಿ. ಆಪರೇಷನ್ನಿನ ಹಿಂದಿನ ಸಂಜೆ ತಲುಪಿದರು. ರಾತ್ರಿಯೆಲ್ಲ ಇಬ್ಬರೂ ಕೈ ಹಿಡಿದುಕೊಂಡೇ ಇದ್ದರಂತೆ. ತಂಗಿ ಅಕ್ಕನ ಮುಖ ನೋಡಿಕೊಂಡೇ ಒಳಗೆ ಹೋದಳು. ಹೊರಗೂ ಬಂದಳು.

ಆ ಸುದ್ದಿ ಹೇಳಲು ಅಕ್ಕ ಫೋನು ಮಾಡಿದಾಗ ಭಾವನ ಹಡಗು ಇನ್ನೂ ನಡುನೀರಿನಲ್ಲಿತ್ತು. ಹಾರಿಬಂದವರನ್ನೆಲ್ಲ ಕೇಳುವ ಹಾಗೆ ಅವರನ್ನೂ ಕೇಳಿದೆ, ವಿಮಾನದಲ್ಲಿ ಕೂತು ಏನು ನೋಡಿದಿರಿ ಅಕ್ಕ?

"ನೀರು" ಎಂದರು. "ಎತ್ತ ನೋಡಿದ್ರೂ ಬರೀ ನೀರು. ಅಷ್ಟೊಂದು ನೀರಿದೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಕಡೆ, ಅಕ್ಕಿಕಾಳಿನಷ್ಟು, ಒಂದು ಹಡಗು ಕಾಣಿಸ್ತು. ಅಣ್ಣ ಇದ್ದಿದ್ದು ಅದರಲ್ಲೋ ಬೇರೆಯದರಲ್ಲೋ, ಯಾರಿಗೆ ಗೊತ್ತು? ನಾನು ಎದ್ದು ನಿಂತೆ. ಪಕ್ಕದೋರು ಕೂತ್ಕೊಳ್ಳಿ ಅಂದ್ರು. ವಿಮಾನದ ಹುಡುಗಿನೂ ಬಂದು, ಕೂತ್ಕೊಳ್ಳಿ ಅಮ್ಮ, ಬೆಲ್ಟ್ ಹಾಕ್ಕೊಳ್ಳಿ ಅಂದ್ಲು. ಆ ಹಡಗು ಕಣ್ಣಿಗೆ ಮರೆಯಾಗೋವರೆಗೂ ನಾನು ಕೂರಲಿಲ್ಲ."