ಸ್ಪೇನಿನ ಹೆಬ್ಬೆಟ್ಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಗಾಡಿಯ ಪ್ಲಗ್ ಬಿಚ್ಚಲು ಬರುವುದಿಲ್ಲ. ಆದರೆ ಸ್ಪೇನ್ ದೇಶದ ಒಂದು ಮೋಟಾರ್ ಸೈಕಲ್ ಕಾರ್ಖಾನೆ ಹೇಗೆ ಹುಟ್ಟಿತು, ಯಾಕೆ ಬಾಗಿಲು ಹಾಕಿತು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಎಬ್ಬಿಸಿ ಕೇಳುವವರು ಬೇಕಲ್ಲ! ಬಸವಕಲ್ಯಾಣದ ಬಾಡಿಗೆ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಒಬ್ಬನೇ ಇರುವ ಮೇಷ್ಟ್ರು ನಾನು. ಕುಕ್ಕರ್ ಸೀಟಿ ಹೊಡೆದರೆ "ಬಂದೆ ಬಂದೆ" ಎಂದು ಅದಕ್ಕೇ ಉತ್ತರ ಕೊಡುವ ಹಂತಕ್ಕೆ ಬಂದಿದ್ದೇನೆ.

ನನ್ನ ಮಾತು ಕೇಳುತ್ತಿದ್ದವನು ಒಬ್ಬನೇ, ಹುಮನಾಬಾದಿನ ಮೆಕ್ಯಾನಿಕ್ ಹಣಮಂತ. ಮುಡಬಿ ಎಂಬ ಹಳ್ಳಿಯವನು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಕುರಿಗಳ ಹಿಂದೆ ಹೋದವನು. ಅಕ್ಷರ ಬಾರದು, ಆದರೆ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ. ಪ್ರತಿ ಭಾನುವಾರ ಇಲ್ಲದ ರೋಗ ಹುಟ್ಟಿಸಿಕೊಂಡು ಅವನಲ್ಲಿಗೆ ಗಾಡಿ ಒಯ್ಯುತ್ತಿದ್ದೆ.

"ಗಾಡಿಗಿ ಏನೂ ಆಗಿಲ್ರಿ ಸರ. ಕೂಡ್ರಿ, ಚಾ ಹೇಳ್ತೀನಿ" ಎನ್ನುತ್ತಿದ್ದ. ಅವನಿಗೆ ರೋಗ ಗೊತ್ತಿತ್ತು.

ರಸ್ತೆಯೇ ಇಲ್ಲದ ಕಡೆ, ಕಲ್ಲುಬಂಡೆಯ ಮೇಲೆ ಓಡಿಸಲೆಂದೇ ಯುರೋಪಿನವರು ಬೇರೆ ಗಾಡಿ ಮಾಡುತ್ತಾರೆ ಎಂದು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕಿದ್ದ. "ಅದಕ್ಕ ಬ್ಯಾರೆ ಗಾಡಿ ಯಾತಕ್ರಿ? ಮಳಿಗಾಲದಾಗ ನಮ್ಮೂರ ಹೊಲದ ದಾರಿಗಿ ಬರ್ರಿ, ಎಲ್ಲಾ ಗಾಡಿ ಹಂಗೇ ಓಡ್ತಾವ."

ಆ ಕಾರ್ಖಾನೆಯ ಕತೆ ನಾನು ಓದಿದ್ದು ಮೊಬೈಲಿನಲ್ಲಿ. ದೊಡ್ಡ ಕಂಪನಿಯೊಂದು ಇನ್ನು ರೇಸು ಸಾಕು ಅಂದಿತಂತೆ. ಅದರ ಪಾಲುದಾರನೊಬ್ಬ ಸಿಟ್ಟಿಗೆದ್ದು ಹೊರಬಿದ್ದ. ಹಿಂದೆಯೇ ಕೆಲಸಗಾರರೂ ಬಂದರು. ತನ್ನ ತೋಟದ ಹಳೆಯ ಕಟ್ಟಡದಲ್ಲೇ ಅವನು ಹೊಸ ಗಾಡಿ ಕಟ್ಟಿದ. ಒಂದು ರೇಸಿನಲ್ಲಿ ಸವಾರನೊಬ್ಬ ತನ್ನವರ ಮುಂದೆ ಹಾಯುವಾಗ ಹೆಬ್ಬೆಟ್ಟು ಎತ್ತಿ ತೋರಿಸಿದನಂತೆ, ಎಲ್ಲ ಸರಿಯಿದೆ ಎಂದು. ಅದನ್ನು ಕಂಡು ಮೆಚ್ಚಿದ ಆ ಪುಣ್ಯಾತ್ಮ, ಮುಂದೆ ಬಂಡೆ ಹತ್ತುವ ಗಾಡಿಗಳಿಗೂ ಹೆಬ್ಬೆಟ್ಟಿನ ಗುರುತನ್ನೇ ಹಾಕಿಸಿದ. ಕಡೆಗೆ ಮುಷ್ಕರ, ನಷ್ಟ ಎಲ್ಲ ಸೇರಿ ಕಾರ್ಖಾನೆ ಮುಚ್ಚಿತು. ಹೆಬ್ಬೆಟ್ಟು ಮಾತ್ರ ಉಳಿಯಿತು.

ಸರಿಯಾಗಿ ಇದನ್ನು ಓದುತ್ತಿರುವಾಗಲೇ ಹಣಮಂತನ ಧ್ವನಿ ಸಂದೇಶ ಬಂತು. "ಸರ, ಮಾಲಕನ ಗ್ಯಾರೇಜ್ ಬಿಟ್ಟೀನಿ. ಸ್ವಂತದ್ದು ಹಾಕಾಕತ್ತೀನಿ. ಬೋರ್ಡಿನ ಮ್ಯಾಲ ಏನ್ ಬರಸ್ಲಿ? ನೀವೇ ಹೇಳ್ಬೇಕ್ರಿ."

ಅರೆ, ಇವನೇ ನನ್ನ ಸ್ಪೇನಿನ ಪಾಲುದಾರ! ಖುಷಿಯಲ್ಲಿ ಒಂದು ಮಾತೂ ಸೇರಿಸದೆ, ಮೊಬೈಲಿನಲ್ಲಿರುವ ಹೆಬ್ಬೆಟ್ಟಿನ ಚಿತ್ರ ಒಂದನ್ನು ಒತ್ತಿ ಕಳಿಸಿದೆ.

ಮುಂದಿನ ಭಾನುವಾರ ಅವನ ಹೊಸ ಗ್ಯಾರೇಜಿಗೆ ಹೋದರೆ, "ಗಾಡಿ ಬಿಟ್ಟು ಹೋಗ್ರಿ, ಸಂಜಿಗಿ ಬರ್ರಿ" ಅಂದ. ಚಹಾ ಇಲ್ಲ, ಕೂಡ್ರಿ ಎನ್ನಲೂ ಇಲ್ಲ. ಆಮೇಲೆ ಫೋನನ್ನೂ ಎತ್ತಲಿಲ್ಲ. ಭಾನುವಾರಗಳು ಎಷ್ಟು ಉದ್ದ ಇರುತ್ತವೆ ಎಂದು ನನಗೆ ಆಗ ತಿಳಿಯಿತು. ಗಾಡಿಗೆ ನಿಜವಾದ ರೋಗ ಬಂದಿದ್ದರೂ ಒಯ್ಯುವ ಧೈರ್ಯವಾಗುತ್ತಿರಲಿಲ್ಲ. ನನ್ನ ತಪ್ಪೇನೆಂದು ಹೊಳೆಯಲೂ ಇಲ್ಲ.

ಹೊಳೆದದ್ದು ಶಾಲೆಯ ಹಾಜರಿ ಯಂತ್ರದ ಮುಂದೆ. ಅದು ನನ್ನ ಬೆರಳನ್ನು ಗುರುತು ಹಿಡಿಯದೆ ಸತಾಯಿಸುತ್ತಿತ್ತು. ನಮ್ಮ ಜವಾನ ನಕ್ಕ. "ಇನ್ನೊಮ್ಮಿ ಒತ್ರಿ ಸರ. ಇಷ್ಟೆಲ್ಲ ಓದಿ ಕಡೀಕ ನೀವೂ ಹೆಬ್ಬೆಟ್ಟೇ ಆದ್ರಿ ನೋಡ್ರಿ!"

ಚುರುಕ್ ಎಂದಿತು. ನಮ್ಮ ಕಡೆ ಉರ್ದು ಆಡುವವರಿಗೆ ಅಂಗೂಠಾ, ಅಂದರೆ ಹೆಬ್ಬೆಟ್ಟು, ತೋರಿಸಿದರೆ 'ಹೋಗು, ನಿನಗೇನೂ ಇಲ್ಲ' ಎಂದರ್ಥ. ಕನ್ನಡದವರಿಗೆ ಹೆಬ್ಬೆಟ್ಟು ಎಂದರೆ ಅಕ್ಷರ ಬಾರದವನು. ಅಕ್ಷರ ಬಾರದವನೊಬ್ಬ ಮೇಷ್ಟ್ರನ್ನು ನಂಬಿ ಬೋರ್ಡಿಗೆ ಏನು ಬರೆಸಲಿ ಎಂದು ಕೇಳಿದ್ದಕ್ಕೆ ಆ ಮೇಷ್ಟ್ರು ಹೆಬ್ಬೆಟ್ಟು ಕಳಿಸಿದ್ದ! ನಾಚಿಕೆಯಿಂದ ಆ ದಿನ ಪಾಠವೇ ಮಾಡಲಾಗಲಿಲ್ಲ.

ಭಾನುವಾರ ಹುಮನಾಬಾದಿಗೆ ಹೋದೆ. ಗ್ಯಾರೇಜಿನ ಮೇಲೆ ಹಳದಿ ಬಣ್ಣ ಬಳಿದ ಬೋರ್ಡು ತೂಗುತ್ತಿತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

"ಏನಾಗ್ಯಾದ್ರಿ ಗಾಡಿಗಿ?" ತಲೆ ಎತ್ತದೆ ಕೇಳಿದ.

"ಗಾಡಿಗಿ ಏನೂ ಆಗಿಲ್ಲೋ. ತಪ್ಪು ನಂದಾಗ್ಯಾದ" ಎಂದು ಸ್ಪೇನಿನಿಂದ ಹಾಜರಿ ಯಂತ್ರದವರೆಗಿನ ಕತೆಯನ್ನೆಲ್ಲ ಒಪ್ಪಿಸಿದೆ. ಅವನು ಬೋಲ್ಟ್ ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ.

"ಒಂದ್ ಹೆಬ್ಬೆಟ್ಟಿನ್ಯಾಗ ಇಷ್ಟ್ ದೊಡ್ಡ ಕತಿ ಇತ್ತೇನ್ರಿ! ಇವಗ ಬೋರ್ಡ್ ಯಾತಕ್ಕ, ಹೆಬ್ಬೆಟ್ಟು ಒತ್ತಲಿ ಅಂದ್ರು ನಮ್ ಸರ ಅಂತ ನಾ ತಿಳ್ಕೊಂಡೆ. ಬಾಯಿಂದ ಒಂದ್ ಮಾತ ಹೇಳಬಾರ್ದೇನ್ರಿ?"

"ಮತ್ತ ಬೋರ್ಡ್ ಯಾಕ ಖಾಲಿ ಬಿಟ್ಟೀದಿ?"

"ನೀವ್ ಹೇಳಲಿಲ್ಲ. ಬ್ಯಾರೆಯವರಿಗಿ ಕೇಳಾಕ ಮನಸ್ಸ್ ಬರ್ಲಿಲ್ಲ."

ಆಮೇಲೆ ಚಹಾ ಬಂತು, ಎರಡು ಸಲ. ಹೆಸರಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಹೊರಟು ಕನ್ನಡಿಯಲ್ಲಿ ನೋಡಿದರೆ, ಹಣಮಂತ ಬಾಗಿಲಲ್ಲಿ ನಿಂತು ಎಣ್ಣೆಗಪ್ಪು ಹತ್ತಿದ ಹೆಬ್ಬೆಟ್ಟು ಎತ್ತಿ ತೋರಿಸುತ್ತಿದ್ದ. ಇದು ಸ್ಪೇನಿನ ಹೆಬ್ಬೆಟ್ಟೋ, ನಮ್ಮೂರಿನದೋ? ಮೊದಲಾಗಿದ್ದರೆ ಬಸವಕಲ್ಯಾಣದವರೆಗೂ ಅದನ್ನೇ ಯೋಚಿಸಿ ಒಬ್ಬನೇ ಕೊರಗುತ್ತಿದ್ದೆ. ಗಾಡಿ ತಿರುಗಿಸಿದೆ. ಬಾಯಿಬಿಟ್ಟು ಕೇಳಿದರಾಯಿತು, ಬೋರ್ಡಿನ ಮಾತೂ ಮುಗಿಸಿದರಾಯಿತು. ಹೇಗೂ ಕೋಣೆಯಲ್ಲಿ ನನಗಾಗಿ ಕಾಯುವುದು ಕುಕ್ಕರ್ ಒಂದೇ, ಅದಕ್ಕೆ ಸಿಟ್ಟು ಬರುವುದಿಲ್ಲ.