ನಾಲ್ಕನೇ ವರ್ಷದ ಅಂಜೂರ

ಮೊನ್ನೆ ಸಿಡ್ನಿಯ ಸ್ಕೋಫೀಲ್ಡ್ಸ್ ಹತ್ತಿರದ ನರ್ಸರಿಯಲ್ಲಿ ಕರಿಬೇವಿನ ಸಸಿ ಹುಡುಕುತ್ತಿದ್ದಾಗ ಅಂಜೂರದ ಎಲೆಯೊಂದು ಕೈಗೆ ತಾಗಿತು. ಆ ಹಸಿ ಹಾಲಿನಂಥ ವಾಸನೆ… ಮೆಲ್ಬರ್ನಿನ ಟ್ರುಗನಿನಾದಲ್ಲಿ ನಾವು ರೆಂಟ್‌ಗೆ ಇದ್ದಾಗಿನ ಪಕ್ಕದ ಮನೆಯ ಅಜ್ಜಿ ಕಣ್ಣಮುಂದೆ ಬಂದರು.

ಅವರು ಇಸ್ರೇಲಿನವರು. ಮದುವೆಯಾದ ಹೊಸತರಲ್ಲಿ ಗಡಿಯಾಚೆ, ಯುದ್ಧದಲ್ಲಿ ನೆರೆದೇಶದಿಂದ ಕಿತ್ತುಕೊಂಡಿದ್ದ ಮರಳುನೆಲದಲ್ಲಿ, ಕೆಲವೇ ಮನೆಗಳ ಸಹಕಾರಿ ಬೇಸಾಯದ ಊರಿನಲ್ಲಿದ್ದರಂತೆ. ಹೊಲ ಅವರವರದು, ಟ್ರ್ಯಾಕ್ಟರ್, ನೀರು, ಟೊಮೆಟೊ ಮಾರಾಟ ಎಲ್ಲ ಒಟ್ಟಿಗೆ. ಗಿಡ ನೆಟ್ಟ ಮೊದಲ ಮೂರು ವರ್ಷದ ಹಣ್ಣು ತಿನ್ನಬಾರದೆಂಬುದು ಅವರ ಯೆಹೂದಿ ಪದ್ಧತಿ, ಬೈಬಲಿನಲ್ಲೇ ಇದೆಯಂತೆ. ಕಾನ್ವೆಂಟಿನಲ್ಲಿ ಅಷ್ಟು ಬೈಬಲ್ ಓದಿದ್ದರೂ ನನಗಿದು ಗೊತ್ತಿರಲಿಲ್ಲ. ಅವರು ನೆಟ್ಟ ಅಂಜೂರಕ್ಕೆ ಮೂರು ವರ್ಷ ತುಂಬುವ ಮೊದಲೇ ನೆಲ ಹಿಂದಿರುಗಿಸುವ ಒಪ್ಪಂದವಾಗಿ, ಅವರ ಸರ್ಕಾರವೇ ಊರನ್ನು ಖಾಲಿ ಮಾಡಿಸಿ, ಬುಲ್ಡೋಜರ್ ಹಾಯಿಸಿತು.

"ನಾನೇ ನೆಟ್ಟ ಮರದ ಹಣ್ಣು ಒಂದು ಸಲ ತಿನ್ನಬೇಕು" ಎನ್ನುತ್ತಾ ಅವರು ನಮ್ಮ ಬೇಲಿಯ ಪಕ್ಕ, ತಮ್ಮ ಹಿತ್ತಲಲ್ಲಿ ಅಂಜೂರದ ಸಸಿ ನೆಟ್ಟರು. ಬಿಟ್ಟ ಕಾಯಿಗಳನ್ನೆಲ್ಲ ಕಿತ್ತು ಮಣ್ಣಿಗೆ ಹಾಕುತ್ತಿದ್ದರು.

"ಮೂರು ವರ್ಷ ಕಾಯ್ಬೇಕಾ? ನಮ್ ಪಿಆರ್ ವೀಸಾ ಥರಾನೇ ಆಯ್ತಲ್ಲ ಇವರ ಅಂಜೂರ" ಎಂದು ನನ್ನ ಗಂಡ ನಗುತ್ತಿದ್ದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅಜ್ಜಿ ಅವರಿಗಿಂತ ಜೋರಾಗಿ ನಕ್ಕರು.

ಒಂದು ಮಧ್ಯಾಹ್ನ ಏಪ್ರನ್ನಿನ ಅಂಚನ್ನು ಮಡಿಸುತ್ತಾ, ಬಿಡಿಸುತ್ತಾ ಹೇಳಿದರು: "ಆ ಮರಳುನೆಲಕ್ಕೆ ನಾವು ಹೋದಾಗ ಅಲ್ಲೊಂದು ಹಳೆಯ ಅಂಜೂರದ ಮರವಿತ್ತು. ಅದನ್ನು ಬೆಳೆಸಿದವರನ್ನು ನಮ್ಮ ಸೈನ್ಯ ಅಲ್ಲಿಂದ ಎಬ್ಬಿಸಿತ್ತು. ಬಹಳ ಸಿಹಿ ಹಣ್ಣು… ತಿಂದೆವು. ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ."

ನಾಲ್ಕನೇ ವರ್ಷದ ಹಣ್ಣು ಬರುವಷ್ಟರಲ್ಲಿ ಅವರಿಗೆ ಮರೆವು ಹೆಚ್ಚಾಗಿ, ಮಗ ವೃದ್ಧಾಶ್ರಮಕ್ಕೆ ಸೇರಿಸಿದ್ದ. ಅವನನ್ನು ಕೇಳಿ, ಚೆನ್ನಾಗಿ ಹಣ್ಣಾದ ನಾಲ್ಕನ್ನು ಆರಿಸಿ, ಸ್ಟೀಲ್ ಡಬ್ಬಿಯಲ್ಲಿ ಒಯ್ದೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹಣ್ಣನ್ನು ಮಾತ್ರ ಮೆಲ್ಲಗೆ ಒತ್ತಿ, ಮೂಸಿ, "ನೆಟ್ಟವರನ್ನು ಕೇಳಿದೆಯಾ?" ಎಂದರು.

"ನೆಟ್ಟಿದ್ದು ನೀವೇ, ಆಂಟಿ."

"ಸುಳ್ಳು ಹೇಳಬೇಡ. ನನ್ನದು ಬುಲ್ಡೋಜರಿಗೆ ಹೋಯಿತು. ಮೊದಲು ಅವರನ್ನು ಕೇಳಿಕೊಂಡು ಬಾ."

ಮತ್ತೆ ಹೇಳಿದೆ, ಜೋರಾಗಿಯೂ ಹೇಳಿದೆ. ಹಣ್ಣನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ನನ್ನ ಮಡಿಲಿಗೆ ಸರಿಸಿದರು. ಆ ಚಳಿಗಾಲ ಅವರು ತೀರಿಕೊಂಡರು. ನಾವು ಸಿಡ್ನಿಗೆ ಬಂದೆವು.

ಆ ಬೇಲಿಯ ಪಕ್ಕದ ಹಣ್ಣು ಈಗ ಯಾರು ತಿನ್ನುತ್ತಾರೋ… ಅದನ್ನು ನೆಟ್ಟವರು ಯಾರೆಂದು ಅವರಿಗೆ ಹೇಳುವವರು ಅಲ್ಲಿ ಯಾರೂ ಉಳಿದಿಲ್ಲ.